ಆ್ಯಡ್ ಬ್ಲಾಕರ್ ಹಾಕಲಾ, ಬೇಡವಾ? ಇರುವ ದಾರಿಗಳನ್ನು ತೂಗಿ ನೋಡೋಣ

ಆ್ಯಡ್ ಬ್ಲಾಕರ್ ಅಂದರೆ ಸೈಟು, ಆ್ಯಪ್‌ಗಳಲ್ಲಿ ಬರುವ ಜಾಹೀರಾತನ್ನು ತಡೆಯುವ ಸಾಧನ. ಅದರ ಬಗ್ಗೆ ಕೇಳುವವರಲ್ಲಿ ಎರಡು ಥರದವರಿದ್ದಾರೆ. ಒಬ್ಬರು ನೇರವಾಗಿ ‘ಯಾವುದು ಚೆನ್ನಾಗಿದೆ, ಹೆಸರು ಹೇಳಿ ಸಾಕು’ ಅನ್ನುತ್ತಾರೆ. ಇನ್ನೊಬ್ಬರು ಅಳುಕುತ್ತಾ ಕೇಳುತ್ತಾರೆ: ‘ಹಾಕಿಕೊಂಡರೆ ಸೈಟ್ ನಡೆಸುವವರ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ?’ ನನ್ನ ಪ್ರಕಾರ ಇವೆರಡೂ ಒಂದೇ ಪ್ರಶ್ನೆ. ಒಂದೊಂದು ಬ್ಲಾಕರ್ ಒಂದೊಂದನ್ನು ತಡೆಯುತ್ತದೆ, ಒಂದೊಂದರಿಂದ ಒಬ್ಬೊಬ್ಬರಿಗೆ ನಷ್ಟ. ಯಾವುದನ್ನು ಆರಿಸುತ್ತೀರಿ ಅನ್ನುವುದರಲ್ಲೇ ಸರಿ-ತಪ್ಪಿನ ಉತ್ತರವೂ ಇದೆ.

ದಾರಿಗಳು ಸುಮಾರು ಆರು. ಏನೂ ಮಾಡದೆ ಸುಮ್ನೆ ಇರಬಹುದು. ಸೈಟಿನಿಂದ ಸೈಟಿಗೆ ನಿಮ್ಮ ಹಿಂದೆ ಬಿದ್ದು, ಏನು ನೋಡಿದಿರಿ ಎಂದು ಬರೆದಿಟ್ಟುಕೊಳ್ಳುವ ಟ್ರ್ಯಾಕರ್‌ಗಳನ್ನು ಮಾತ್ರ ತಡೆಯಬಹುದು. ಕಿರಿಕಿರಿ ಮಾಡದ ಜಾಹೀರಾತನ್ನು ಒಳಗೆ ಬಿಟ್ಟು ಉಳಿದದ್ದನ್ನು ತಡೆಯಬಹುದು. ಎಲ್ಲವನ್ನೂ ತಡೆದು, ಬೇಕಾದ ಸೈಟಿಗೆ ಮಾತ್ರ ಬಾಗಿಲು ತೆರೆಯಬಹುದು. ಇಡೀ ಫೋನಿಗೋ ಮನೆಯ ವೈಫೈಗೋ ಒಂದೇ ಸಲ ಜರಡಿ ಹಿಡಿಯಬಹುದು. ಇಲ್ಲವೇ ಕಾಸು ಕೊಟ್ಟು ಜಾಹೀರಾತೇ ಬರದ ಹಾಗೆ ಮಾಡಿಕೊಳ್ಳಬಹುದು. ಇವನ್ನು ಒಂದೊಂದಾಗಿ ನೋಡುವ ಮೊದಲು, ಯಾವುದರಿಂದ ಅಳೆಯಬೇಕು ಅನ್ನುವುದನ್ನು ಇತ್ಯರ್ಥ ಮಾಡಿಕೊಳ್ಳೋಣ.

ಯಾವುದರಿಂದ ಅಳೆಯುವುದು?

ಮೊದಲು ನೋಡಬೇಕಾದ್ದು ನಷ್ಟ ಯಾರಿಗೆ ಅನ್ನುವುದು. ಯೂಟ್ಯೂಬ್‌ನಲ್ಲಿ ಮಾಮೂಲಿ ವಿಡಿಯೊ ಜೊತೆ ಬರುವ ಜಾಹೀರಾತಿನ ದುಡ್ಡಿನಲ್ಲಿ 55% ಚಾನೆಲ್‌ನವರಿಗೆ ಹೋಗುತ್ತದೆ. ಶಾರ್ಟ್ಸ್‌ನಲ್ಲಿ ಅವರ ಪಾಲು 45%. ಗೂಗಲ್ ಆ್ಯಡ್‌ಸೆನ್ಸ್ (ಸೈಟುಗಳಿಗೆ ಜಾಹೀರಾತು ತಂದುಕೊಡುವ ಸೇವೆ) ಹಾಕಿಕೊಂಡ ಸೈಟಿಗೆ ಸುಮಾರು 68% ಸಿಗುತ್ತದೆ. ಪರವಾಗಿಲ್ಲ ಅನ್ನುವಂಥ ಪಾಲೇ. ಆದರೆ ದೊಡ್ಡ ಸೈಟುಗಳ ಜಾಹೀರಾತು ಜಾಗ ಮಾರಾಟವಾಗುವುದು ಒಂದು ದೊಡ್ಡ ಹರಾಜಿನಲ್ಲಿ, ಅಲ್ಲಿ ಮಧ್ಯವರ್ತಿಗಳು ಸಾಲುಗಟ್ಟಿ ನಿಂತಿರುತ್ತಾರೆ. ಬ್ರಿಟನ್ನಿನ ಜಾಹೀರಾತುದಾರರ ಸಂಘ ಐಎಸ್‌ಬಿಎ 2020ರಲ್ಲಿ ಪಿಡಬ್ಲ್ಯುಸಿ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯ ಕೈಯಲ್ಲಿ ಲೆಕ್ಕ ಹಾಕಿಸಿತು. ಜಾಹೀರಾತುದಾರರು ಕೊಟ್ಟ ಹಣದಲ್ಲಿ ಸೈಟಿನವರಿಗೆ ಮುಟ್ಟಿದ್ದು ಅರ್ಧದಷ್ಟು. 15% ಎಲ್ಲಿ ಹೋಯಿತು ಅಂತ ಲೆಕ್ಕ ನೋಡಿದವರಿಗೇ ಪತ್ತೆಯಾಗಲಿಲ್ಲ!

ನೀವೊಬ್ಬರೇ ನೋಡುವ ಜಾಹೀರಾತಿನಿಂದ ಯಾರಿಗೇ ಆದರೂ ಬರುವುದು ಪೈಸೆ ಲೆಕ್ಕದಲ್ಲಿ. ದೊಡ್ಡ ಸುದ್ದಿ ಸಂಸ್ಥೆಗೆ ಆ ಪೈಸೆ ತಪ್ಪಿದರೆ ಗೊತ್ತೂ ಆಗುವುದಿಲ್ಲ. ಆದರೆ ಅಡಿಕೆಗೆ ಬರುವ ಕೊಳೆರೋಗದ ಬಗ್ಗೆ ವಿಡಿಯೊ ಮಾಡುವ ಮಲೆನಾಡಿನ ರೈತರಿಗೆ, ಎಫ್‌ಡಿಎ ಪರೀಕ್ಷೆಗೆ ಓದುವವರಿಗಾಗಿ ನೋಟ್ಸ್ ಹಾಕುವ ಮೇಷ್ಟ್ರಿಗೆ ನೋಡುವವರೇ ಕೆಲವು ಸಾವಿರ ಜನ. ಅದರಲ್ಲಿ ಅರ್ಧ ಜನ ತಡೆಗೋಡೆ ಕಟ್ಟಿಕೊಂಡರೆ ಕ್ಯಾಮೆರಾದ ಇಎಂಐಗೆ ಹೊಡೆತ ಬೀಳುತ್ತದೆ.

ಎರಡನೆಯದು, ಜಾಹೀರಾತು ನಿಮ್ಮಿಂದ ಏನು ತೆಗೆದುಕೊಳ್ಳುತ್ತಿದೆ? ಪತ್ರಿಕೆಯಲ್ಲಿ ಬರುವ ಸೀರೆ ಅಂಗಡಿಯ ಜಾಹೀರಾತು ನಿಮ್ಮ ಗಮನವನ್ನಷ್ಟೇ ಕೇಳುತ್ತದೆ. ಆನ್‌ಲೈನ್ ಜಾಹೀರಾತು ನೀವು ನಿನ್ನೆ ಏನು ಓದಿದಿರಿ, ಎಲ್ಲಿದ್ದಿರಿ, ಯಾವ ಕಾಯಿಲೆ ಬಗ್ಗೆ ಹುಡುಕಿದಿರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತದೆ. ಬಳಸುವವರು ಮೊದಲು ಮರ್ಯಾದೆಯಿಂದಲೇ ಕೇಳಿದ್ದರು. 2009ರಲ್ಲಿ ‘ಡು ನಾಟ್ ಟ್ರ್ಯಾಕ್’ ಅನ್ನುವ ಸಲಹೆ ಬಂತು. ನನ್ನನ್ನು ಹಿಂಬಾಲಿಸಬೇಡಿ ಎಂದು ಬ್ರೌಸರೇ ಪ್ರತಿ ಸೈಟಿಗೂ ಹೇಳುವ ಏರ್ಪಾಟು ಅದು. ಮುಖ್ಯ ಬ್ರೌಸರ್‌ಗಳೆಲ್ಲ ಅದನ್ನು ಅಳವಡಿಸಿಕೊಂಡವು. ಜಾಹೀರಾತು ಕಂಪನಿಗಳಲ್ಲಿ ಹೆಚ್ಚಿನವು ಕಿವಿಗೇ ಹಾಕಿಕೊಳ್ಳಲಿಲ್ಲ. ನಿಯಮ ರೂಪಿಸುತ್ತಿದ್ದ ತಂಡ 2019ರಲ್ಲಿ ಬಾಗಿಲು ಮುಚ್ಚಿತು. ‘ಬ್ಲಾಕರ್ ಹಾಕುವುದು ಅನ್ಯಾಯ’ ಅಂತ ಯಾರಾದರೂ ಅಂದಾಗ ನನಗೆ ಈ ಹತ್ತು ವರ್ಷದ ಕಥೆ ನೆನಪಾಗುತ್ತದೆ.

ಇದರ ಜೊತೆಗೆ ಸುರಕ್ಷತೆಯ ಮಾತೂ ಇದೆ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿಯಂಥ ಸೈಟುಗಳಲ್ಲೇ ಜಾಹೀರಾತಿನ ಜಾಲದ ಮೂಲಕ ರ‍್ಯಾನ್ಸಮ್‌ವೇರ್ ನುಸುಳಿತ್ತು. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ ಅದು. ಸೈಟಿನವರ ತಪ್ಪಲ್ಲ, ಅವರು ಬಾಡಿಗೆಗೆ ಕೊಟ್ಟ ಜಾಗದಿಂದ ಬಂದದ್ದು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ, ಹುಡುಕಾಟದ ಫಲಿತಾಂಶದ ಮೇಲೆ ಬರುವ ನಕಲಿ ಜಾಹೀರಾತುಗಳಿಂದ ಉಳಿಯಬೇಕಾದರೆ ಬ್ಲಾಕರ್ ಬಳಸಿ ಎಂದು ಜನರಿಗೆ ಹೇಳಿತು. ಪೊಲೀಸರೇ ಹಾಕಿಕೊಳ್ಳಿ ಅನ್ನುವಾಗ ಅಳುಕು ಸ್ವಲ್ಪ ಕಮ್ಮಿಯಾಗಬೇಕು, ಅಲ್ವಾ?

ಉಳಿದ ಮೂರು ಅಳತೆ ಚಿಕ್ಕವು. ನಿಮ್ಮ ಡೇಟಾ ಮತ್ತು ಸಮಯ ಎಷ್ಟು ಖರ್ಚಾಗುತ್ತದೆ. ಯಾವುದು ಕಾಣಬೇಕು, ಯಾವುದು ಬೇಡ ಅನ್ನುವ ತೀರ್ಮಾನ ಯಾರ ಕೈಯಲ್ಲಿದೆ, ಅದರಿಂದ ಅವರಿಗೇನು ಲಾಭ. ನಿಮಗೆ ತಗಲುವ ಕಾಸು ಮತ್ತು ತಲೆನೋವು ಎಷ್ಟು.

‘ಇದು ಕಳ್ಳತನ’ ಅನ್ನುವ ಮಾತು

ಈ ಆರೋಪ ಇಂಟರ್ನೆಟ್ಟಿಗಿಂತ ಮುಂಚೆ ಟಿವಿಯವರ ಬಾಯಲ್ಲೇ ಜೋರಾಗಿತ್ತು. ಕಾರ್ಯಕ್ರಮ ರೆಕಾರ್ಡ್ ಮಾಡಿಕೊಂಡು ಜಾಹೀರಾತು ಹಾರಿಸುವ ಪೆಟ್ಟಿಗೆಗಳು ಅಮೆರಿಕದಲ್ಲಿ ಬಂದಾಗ, 2002ರಲ್ಲಿ, ಟರ್ನರ್ ಬ್ರಾಡ್‌ಕಾಸ್ಟಿಂಗ್‌ನ ಮುಖ್ಯಸ್ಥ ಜೇಮಿ ಕೆಲ್ನರ್ ಅದನ್ನು ಕಳ್ಳತನ ಎಂದೇ ಕರೆದರು. ಕಾರ್ಯಕ್ರಮ ನೋಡುತ್ತೀರಿ ಅಂದರೆ ಜಾಹೀರಾತನ್ನೂ ನೋಡುತ್ತೇನೆಂದು ಒಪ್ಪಿಕೊಂಡ ಹಾಗೆ ಅನ್ನುವುದು ಅವರ ವಾದ. ಮಧ್ಯೆ ಬಾತ್‌ರೂಮಿಗೆ ಎದ್ದು ಹೋದರೆ? ಅದಕ್ಕೆ ಸ್ವಲ್ಪ ರಿಯಾಯಿತಿ ಇದೆ ಅಂದರು.

ಆ ಒಪ್ಪಂದಕ್ಕೆ ನಾವ್ಯಾರೂ ಸಹಿ ಹಾಕಿಲ್ಲ. ‘ಈ ಪುಟದಲ್ಲಿ ಇಷ್ಟು ಜಾಹೀರಾತು, ಇಷ್ಟು ಕಂಪನಿಗಳು ನಿಮ್ಮನ್ನು ಗಮನಿಸುತ್ತವೆ’ ಎಂದು ತೆರೆಯುವ ಮುಂಚೆ ಯಾರೂ ಹೇಳುವುದಿಲ್ಲ. ತೆರೆದ ಮೇಲೆ ಗೊತ್ತಾಗುತ್ತದೆ, ಅಷ್ಟೊತ್ತಿಗೆ ಕೆಲಸ ಮುಗಿದಿರುತ್ತದೆ. ಜಾಹೀರಾತು ಉದ್ಯಮದ ಸಂಘ ಐಎಬಿ ಕೂಡ 2015ರ ಅಕ್ಟೋಬರ್‌ನಲ್ಲಿ ‘ನಾವು ಕೆಡಿಸಿಬಿಟ್ಟೆವು’ ಎಂದು ಒಪ್ಪಿಕೊಂಡಿತ್ತು. ತಮಾಷೆ ಏನಂದರೆ, ಮೂರು ತಿಂಗಳು ಕಳೆಯುತ್ತಿದ್ದಂತೆ ಅದೇ ಸಂಘದ ಅಧ್ಯಕ್ಷರು ಆ್ಯಡ್‌ಬ್ಲಾಕ್ ಪ್ಲಸ್ ಎಂಬ ಬ್ಲಾಕರ್ ಮಾಡುವ ಕಂಪನಿಯವರನ್ನು ನೀತಿ ಇಲ್ಲದವರು, ಸುಳ್ಳುಗಾರರು ಎಂದು ತಮ್ಮ ಸಮ್ಮೇಳನದಲ್ಲೇ ಬೈದರು.

ಹಾಗಂತ ಸಹಿ ಇಲ್ಲ ಅಂದ ಮಾತ್ರಕ್ಕೆ ಋಣವೂ ಇಲ್ಲ ಅಂತಲ್ಲ. ಧರ್ಮಸ್ಥಳದಲ್ಲಿ ಊಟ ಮಾಡಿದವರನ್ನು ಯಾರೂ ಹುಂಡಿಗೆ ಹಾಕಿದಿರಾ ಎಂದು ಕೇಳುವುದಿಲ್ಲ. ಆದರೂ ಹಾಕುವವರು ಇರುವುದರಿಂದಲೇ ಒಲೆ ಉರಿಯುತ್ತದೆ. ಬ್ಲಾಕರ್ ಹಾಕಿದ ದಿನದಿಂದ ನೀವು ಹುಂಡಿಗೆ ಹಾಕದವರ ಸಾಲಿಗೆ ಸೇರುತ್ತೀರಿ. ಯಾವ ಸೈಟಿಗೆ ಏನು ಕೊಡಬೇಕು ಎನ್ನುವುದನ್ನು ಆಮೇಲೆ ನೀವೇ ಯೋಚಿಸಬೇಕು. ನನ್ನ ತಕರಾರು ಬ್ಲಾಕರ್ ಹಾಕುವವರ ಮೇಲಲ್ಲ, ಹಾಕಿ ಮರೆತುಬಿಡುವವರ ಮೇಲೆ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಭಾರತದಲ್ಲಿ ಬ್ಲಾಕರ್ ಬಳಸಬಾರದು ಅನ್ನುವ ಕಾನೂನಿಲ್ಲ. ಜರ್ಮನಿಯಲ್ಲಿ ಪತ್ರಿಕಾ ಸಂಸ್ಥೆ ಆಕ್ಸೆಲ್ ಸ್ಪ್ರಿಂಗರ್ ಹೂಡಿದ ದಾವೆಯಲ್ಲಿ ಅಲ್ಲಿನ ಸರ್ವೋಚ್ಚ ನಾಗರಿಕ ನ್ಯಾಯಾಲಯ 2018ರ ಏಪ್ರಿಲ್‌ನಲ್ಲಿ ಬ್ಲಾಕರ್ ಪರವಾಗಿ ತೀರ್ಪು ಕೊಟ್ಟಿತು. ಹಕ್ಕುಸ್ವಾಮ್ಯದ ಹೆಸರಿನಲ್ಲಿ ಹೂಡಿದ ಇನ್ನೊಂದು ಮೊಕದ್ದಮೆಯನ್ನು 2025ರ ಜುಲೈನಲ್ಲಿ ಮರುವಿಚಾರಣೆಗೆ ಕೆಳಗಿನ ಕೋರ್ಟಿಗೆ ಕಳಿಸಿದೆ. ಯೂಟ್ಯೂಬ್ ಮಾತ್ರ ಬ್ಲಾಕರ್ ಬಳಕೆ ತನ್ನ ಷರತ್ತುಗಳಿಗೆ ವಿರುದ್ಧ ಅನ್ನುತ್ತದೆ. 2023ರಿಂದ ಬ್ಲಾಕರ್ ಇದ್ದರೆ ವಿಡಿಯೊ ನಿಲ್ಲಿಸುವುದನ್ನೂ ಜಾಸ್ತಿ ಮಾಡಿದೆ.

ಇನ್ನು ದಾರಿಗಳು.

ಏನೂ ಮಾಡದೆ ಇರುವುದು

ಇದು ಎಲ್ಲಕ್ಕಿಂತ ಸುಲಭ, ಸೈಟಿನವರಿಗೂ ಖುಷಿ. ಬೆಲೆ ತೆರುವವರು ನೀವು. ಒಂದು ಉದಾಹರಣೆ ನೋಡಿ. ಸಿಇಟಿ ಬರೆಯುವ ಹುಡುಗಿಯೊಬ್ಬಳು ಹಳೆಯ ಪ್ರಶ್ನೆಪತ್ರಿಕೆ ಹುಡುಕುತ್ತಾಳೆ. ಯಾವುದೋ ಸೈಟ್ ತೆರೆಯುತ್ತದೆ. ಪುಟದಲ್ಲಿ ಮೂರು ಕಡೆ ಹಸಿರು ಬಣ್ಣದ ‘ಡೌನ್‌ಲೋಡ್’ ಗುಂಡಿ. ಎರಡು ಜಾಹೀರಾತು, ಒಂದು ಮಾತ್ರ ನಿಜವಾದದ್ದು, ಅದೂ ಎಲ್ಲಕ್ಕಿಂತ ಚಿಕ್ಕದು. ತಪ್ಪು ಗುಂಡಿ ಒತ್ತಿದರೆ ಬೇರೆ ಪುಟ ತೆರೆದು ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಅನ್ನುತ್ತದೆ. ಕೆಳಗಿನಿಂದ ‘ನೋಟಿಫಿಕೇಶನ್‌ಗೆ ಅನುಮತಿ ಕೊಡಿ’ ಎಂಬ ಪಟ್ಟಿ ಏಳುತ್ತದೆ. ಅದಕ್ಕೆ ಹೂಂ ಅಂದರೆ ನಾಳೆಯಿಂದ ಫೋನ್ ತುಂಬಾ ಲೋನ್ ಆಫರ್. ಜಾಹೀರಾತನ್ನು ಜಾಹೀರಾತಲ್ಲ ಅನ್ನುವ ಹಾಗೆ ತೋರಿಸುವುದನ್ನು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ಗುಂಡಿಗಳು ಇನ್ನೂ ಹಸಿರಾಗಿಯೇ ಇವೆ.

ಡೇಟಾ ಲೆಕ್ಕವೂ ಸಣ್ಣದಲ್ಲ. 2015ರಲ್ಲಿ ನ್ಯೂಯಾರ್ಕ್ ಟೈಮ್ಸ್ 50 ಸುದ್ದಿ ಸೈಟುಗಳನ್ನು ಮೊಬೈಲ್‌ನಲ್ಲಿ ತೆರೆದು ನೋಡಿದಾಗ ಅರ್ಧಕ್ಕಿಂತ ಜಾಸ್ತಿ ಡೇಟಾ ಬ್ಲಾಕರ್ ತಡೆಯುವಂಥ ವಸ್ತುಗಳಿಗೇ ಹೋಗುತ್ತಿತ್ತು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಆನ್‌ಲೈನ್ ಕ್ಲಾಸನ್ನೂ ಮುಗಿಸಬೇಕಾದ ಹುಡುಗಿಗೆ ಇದು ನೀತಿಯ ಪ್ರಶ್ನೆಯೇ ಅಲ್ಲ.

ಹಾಗಾಗಿ ಈ ದಾರಿ ಯಾರಿಗೆ? ಹತ್ತಾರು ನಂಬಿಕಸ್ಥ ಸೈಟುಗಳನ್ನಷ್ಟೇ ನೋಡುವ, ಡೇಟಾ ಚಿಂತೆ ಇಲ್ಲದ, ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ನನಗೆಂದೇ ಆರಿಸಿದ ಜಾಹೀರಾತು ಬೇಡ ಎಂದು ಆಫ್ ಮಾಡಿಟ್ಟುಕೊಂಡವರಿಗೆ. ಉಳಿದವರಿಗೆ ನಾನು ಹೇಳುವುದಿಲ್ಲ.

ಟ್ರ್ಯಾಕರ್ ಮಾತ್ರ ತಡೆಯುವುದು

ನೀತಿಯ ದೃಷ್ಟಿಯಿಂದ ನನಗೆ ತುಂಬಾ ಹಿಡಿಸಿದ ದಾರಿ ಇದು. ‘ಜಾಹೀರಾತು ತೋರಿಸಿ, ನನ್ನ ಹಿಂದೆ ಮಾತ್ರ ಬರಬೇಡಿ’ ಅನ್ನುವ ನಿಲುವು. ಫೈರ್‌ಫಾಕ್ಸ್ ಬ್ರೌಸರ್ 2019ರಿಂದ ಇದನ್ನು ತಾನಾಗಿಯೇ ಮಾಡುತ್ತದೆ, ಸೆಟ್ಟಿಂಗ್ಸ್‌ನಲ್ಲಿ ‘ಸ್ಟ್ರಿಕ್ಟ್’ ಆರಿಸಿದರೆ ಇನ್ನೂ ಬಿಗಿ. ಅಮೆರಿಕದ ಇಎಫ್‌ಎಫ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆಯ ಪ್ರೈವಸಿ ಬ್ಯಾಡ್ಜರ್ ಬಿಟ್ಟಿ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ. ಹಿಂಬಾಲಿಸುವುದಿಲ್ಲ ಎಂದು ಮಾತು ಕೊಟ್ಟ ಕಂಪನಿಯನ್ನು ಅದು ತಡೆಯದೆ ಬಿಡುತ್ತದೆ. ಅಂದರೆ ಶಿಕ್ಷೆ ಜಾಹೀರಾತಿಗಲ್ಲ, ಬೇಹುಗಾರಿಕೆಗೆ.

ತೊಡಕು ಒಂದಿದೆ. ಇವತ್ತಿನ ಹೆಚ್ಚಿನ ಜಾಹೀರಾತು ಜಾಲಗಳು ಹಿಂಬಾಲಿಸಿಯೇ ಬದುಕುತ್ತವೆ. ಟ್ರ್ಯಾಕರ್ ತಡೆದರೆ ಎಷ್ಟೋ ಕಡೆ ಜಾಹೀರಾತೂ ಜೊತೆಗೇ ಹೋಗುತ್ತದೆ, ಸೈಟಿನವರಿಗೆ ನಷ್ಟ ತಪ್ಪುವುದಿಲ್ಲ. ಹಾಗಾದರೆ ಹಿಂಬಾಲಿಸದೆ ಜಾಹೀರಾತು ನಡೆಸಲು ಆಗುವುದೇ ಇಲ್ಲವೇ? ಆಗುತ್ತದೆ. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಜಾಹೀರಾತು ನೋಡಿಕೊಳ್ಳುವ ಸ್ಟೆರ್, 2020ರಲ್ಲಿ ಟ್ರ್ಯಾಕಿಂಗ್ ಕುಕಿಗಳನ್ನು (ನೋಡುಗರನ್ನು ಗುರುತು ಹಿಡಿಯಲು ಬ್ರೌಸರಿನಲ್ಲಿ ಇಡುವ ಪುಟ್ಟ ಕಡತಗಳನ್ನು) ಪೂರ್ತಿ ಬಿಟ್ಟಿತು. ಅಡುಗೆ ವಿಡಿಯೊ ಪಕ್ಕ ಪಾತ್ರೆಯ ಜಾಹೀರಾತು ಅನ್ನುವ ಹಳೇ ಪದ್ಧತಿಗೆ ಮರಳಿತು. ಮೊದಲ ತಿಂಗಳುಗಳಲ್ಲೇ ಆದಾಯ ಹಿಂದಿನ ವರ್ಷಕ್ಕಿಂತ ಜಾಸ್ತಿ ಬಂತು. ನ್ಯೂಯಾರ್ಕ್ ಟೈಮ್ಸ್ ಕೂಡ 2018ರಲ್ಲಿ ಯುರೋಪಿನಲ್ಲಿ ಇದೇ ದಾರಿ ಹಿಡಿದು ನಷ್ಟ ಮಾಡಿಕೊಳ್ಳಲಿಲ್ಲ. ಕನ್ನಡದ ಸೈಟುಗಳು ಇದನ್ನು ಯಾಕೆ ಮಾಡಬಾರದು? ಮೈಸೂರಿನ ಓದುಗರಿಗೆ ಮೈಸೂರಿನ ಅಂಗಡಿಯ ಜಾಹೀರಾತು ತೋರಿಸಲು ಅವರು ನಿನ್ನೆ ಏನು ಹುಡುಕಿದರು ಅಂತ ಗೊತ್ತಿರಬೇಕಾಗಿಲ್ಲ.

ಖರ್ಚು ಸೊನ್ನೆ, ತಲೆನೋವು ಕಮ್ಮಿ. ಹಸಿರು ಗುಂಡಿಗಳು ಮಾತ್ರ ಪೂರ್ತಿ ಹೋಗುವುದಿಲ್ಲ.

‘ಒಪ್ಪಬಹುದಾದ’ ಜಾಹೀರಾತು

ಇದು ಆ್ಯಡ್‌ಬ್ಲಾಕ್ ಪ್ಲಸ್‌ನ ದಾರಿ. ಜರ್ಮನಿಯ ಕಲೋನ್ ನಗರದ ಐಯೋ ಕಂಪನಿ 2011ರ ಡಿಸೆಂಬರ್‌ನಲ್ಲಿ ಶುರು ಮಾಡಿದ್ದು. ಓದುವುದಕ್ಕೆ ಅಡ್ಡ ಬರಬಾರದು, ಜಾಹೀರಾತು ಅಂತ ಹೆಸರು ಹಾಕಿರಬೇಕು, ಕುಣಿಯಬಾರದು, ಮೊದಲ ನೋಟಕ್ಕೆ ಕಾಣುವ ಭಾಗದಲ್ಲಿ 15%ಕ್ಕಿಂತ ಜಾಸ್ತಿ ಜಾಗ ತಿನ್ನಬಾರದು. ಈ ನಿಯಮ ಪಾಲಿಸಿದ ಜಾಹೀರಾತನ್ನು ಬ್ಲಾಕರ್ ಒಳಗೆ ಬಿಡುತ್ತದೆ. ಕೇಳಿದರೆ ಇದಕ್ಕಿಂತ ನ್ಯಾಯ ಬೇಕಾ ಅನ್ನಿಸುತ್ತದೆ.

ಎಡವುವುದು ತೀರ್ಮಾನ ಯಾರ ಕೈಯಲ್ಲಿ ಅನ್ನುವ ಅಳತೆಯಲ್ಲಿ. ಚಿಕ್ಕ ಸೈಟುಗಳಿಗೆ ಈ ಪಟ್ಟಿಗೆ ಸೇರುವುದು ಬಿಟ್ಟಿ. ದೊಡ್ಡವರಿಂದ, ಪಟ್ಟಿಗೆ ಸೇರಿದ್ದರಿಂದ ಹೆಚ್ಚುವರಿಯಾಗಿ ಬಂದ ಆದಾಯದ 30% ವಸೂಲಿ. ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಹೀಗೆ ಹಣ ಕೊಟ್ಟದ್ದು 2015ರಲ್ಲೇ ಸುದ್ದಿಯಾಗಿತ್ತು. ಬಾಗಿಲಲ್ಲಿ ನಿಂತು ಕಳ್ಳರನ್ನು ತಡೆಯುವವನೇ ಪ್ರವೇಶ ಶುಲ್ಕವನ್ನೂ ಎತ್ತುತ್ತಿದ್ದಾನೆ. ಅದು ನಿಮಗೆ ಸರಿ ಕಂಡರೆ, ಸೈಟಿನವರಿಗೆ ಸ್ವಲ್ಪವಾದರೂ ಹೋಗಲಿ ಅನ್ನಿಸಿದರೆ, ಅದರಷ್ಟು ಸಲೀಸಾದದ್ದು ಬೇರೆ ಇಲ್ಲ. ಹಾಕಿ ಮರೆಯುವವರಿಗೆ ಇದು ಪರವಾಗಿಲ್ಲ. ಬೇಡ ಅನ್ನಿಸಿದರೆ ಆ ವಿನಾಯಿತಿಯನ್ನು ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಲೂಬಹುದು.

ಎಲ್ಲ ತಡೆದು, ಬೇಕಾದವರಿಗೆ ಬಾಗಿಲು ತೆರೆಯುವುದು

ಇಲ್ಲಿ ಮುಖ್ಯ ಹೆಸರು ಯುಬ್ಲಾಕ್ ಒರಿಜಿನ್. ರೇಮಂಡ್ ಹಿಲ್ ಅನ್ನುವವರು 2014ರಲ್ಲಿ ಶುರು ಮಾಡಿದ ಕೆಲಸ. ಯಾರಿಂದಲೂ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ, ಜಾಹೀರಾತು ಕಂಪನಿಗಳ ಜೊತೆ ಒಪ್ಪಂದವೂ ಇಲ್ಲ. ಏನನ್ನು ತಡೆಯಬೇಕು ಅನ್ನುವುದು ಈಸಿಲಿಸ್ಟ್‌ನಂಥ ಬಹಿರಂಗ ಪಟ್ಟಿಗಳಿಂದ ಬರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ತೀರ್ಮಾನ ಯಾರ ಕೈಯಲ್ಲಿ ಅನ್ನುವ ಅಳತೆಯಲ್ಲಿ ಇದಕ್ಕೆ ನನ್ನಿಂದ ಪೂರ್ತಿ ಅಂಕ.

ಸೈಟಿನವರಿಗೆ ಆಗುವ ನಷ್ಟದಲ್ಲಿ ಮಾತ್ರ ಇದು ಎಲ್ಲಕ್ಕಿಂತ ಕಠಿಣ. ಅದಕ್ಕೆ ಮದ್ದು ಅದರೊಳಗೇ ಇದೆ, ಯಾರೂ ಬಳಸುವುದಿಲ್ಲ ಅಷ್ಟೆ. ಬ್ರೌಸರಿನ ಮೂಲೆಯಲ್ಲಿ ಕೆಂಪು ಗುರಾಣಿಯ ಗುರುತು ಇರುತ್ತದೆ. ಒತ್ತಿದರೆ ಚಿಕ್ಕ ಕಿಟಕಿ ತೆರೆದು ನಡುವೆ ದೊಡ್ಡದಾಗಿ ಪವರ್ ಗುಂಡಿ ಕಾಣುತ್ತದೆ. ಅದನ್ನು ಒಮ್ಮೆ ಒತ್ತಿ ಪುಟ ರೀಲೋಡ್ ಮಾಡಿ. ಗುಂಡಿ ಮಂಕಾಗುತ್ತದೆ, ಆ ಸೈಟಿನಲ್ಲಿ ಮಾತ್ರ ಜಾಹೀರಾತು ಬರುತ್ತದೆ. ಮುಂದಿನ ಸಲಕ್ಕೂ ಅದಕ್ಕೆ ನೆನಪಿರುತ್ತದೆ. ನೀವು ಮತ್ತೆ ಮತ್ತೆ ಹೋಗುವ, ಮರ್ಯಾದೆಯಿಂದ ಜಾಹೀರಾತು ಹಾಕುವ ಸೈಟುಗಳಿಗೆ ಇದನ್ನು ಮಾಡಿ. ಜಾಹೀರಾತು ತೀರಾ ಕೆಟ್ಟದಾಗಿದ್ದರೆ ಮತ್ತೆ ಮುಚ್ಚಿ, ಸಾಧ್ಯವಾದರೆ ಯಾಕೆ ಮುಚ್ಚಿದಿರಿ ಅಂತ ಅವರಿಗೊಂದು ಸಾಲು ಬರೆಯಿರಿ. ಕನ್ನಡದ ಚಿಕ್ಕ ಸೈಟುಗಳನ್ನು ನಡೆಸುವವರು ಇಂಥ ಪತ್ರ ಓದುತ್ತಾರೆ.

ಒಂದು ಎಚ್ಚರಿಕೆ. ಕ್ರೋಮ್ ತನ್ನ ಎಕ್ಸ್‌ಟೆನ್ಶನ್ ನಿಯಮ ಬದಲಿಸಿದ್ದರಿಂದ 2025ರ ಮಧ್ಯದ ಹೊತ್ತಿಗೆ ಅಲ್ಲಿ ಯುಬ್ಲಾಕ್ ಒರಿಜಿನ್ ಕೆಲಸ ನಿಲ್ಲಿಸಿತು. ಕಡಿಮೆ ಶಕ್ತಿಯ ‘ಲೈಟ್’ ಆವೃತ್ತಿ ಸಿಗುತ್ತದೆ. ಪೂರ್ತಿಯದು ಬೇಕಾದರೆ ಫೈರ್‌ಫಾಕ್ಸ್‌ಗೆ ಹೋಗಿ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸ್‌ನಲ್ಲೂ ಅದು ನಡೆಯುತ್ತದೆ, ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಆಗುವುದೇ ಇಲ್ಲ. ಜಗತ್ತಿನ ಅತಿ ದೊಡ್ಡ ಜಾಹೀರಾತು ಕಂಪನಿಯೇ ಬ್ರೌಸರನ್ನೂ ಮಾಡಿದರೆ ಹೀಗಾಗುತ್ತದೆ. ಸುರಕ್ಷತೆಗಾಗಿ ಬದಲಾವಣೆ ಅಂತ ಅವರು ಹೇಳುತ್ತಾರೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಬ್ರೇವ್ ಬ್ರೌಸರ್ ಬಗ್ಗೆಯೂ ಕೇಳುತ್ತಾರೆ. ಬ್ಲಾಕರ್ ಒಳಗೇ ಇದೆ, ವೇಗವೂ ಚೆನ್ನಾಗಿದೆ. ಆದರೆ ಸೈಟಿನವರ ಜಾಹೀರಾತು ತೆಗೆದು, ನೀವು ಒಪ್ಪಿದರೆ ತನ್ನದೇ ಜಾಹೀರಾತು ತೋರಿಸಿ ಕ್ರಿಪ್ಟೊ ಟೋಕನ್ ಕೊಡುವ ಅದರ ವ್ಯವಹಾರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. 2020ರಲ್ಲಿ ಬಳಸುವವರು ಟೈಪ್ ಮಾಡಿದ ಕ್ರಿಪ್ಟೊ ಸೈಟಿನ ವಿಳಾಸಕ್ಕೆ ತನ್ನ ಕಮಿಷನ್ ಕೋಡ್ ಸೇರಿಸಿ ಸಿಕ್ಕಿಬಿದ್ದು ಕ್ಷಮೆ ಕೇಳಿದ್ದೂ ಇದೆ.

ಫೋನಿಗೆ, ವೈಫೈಗೆ ಜರಡಿ

ಆ್ಯಪ್‌ಗಳ ಒಳಗೆ ಬರುವ ಜಾಹೀರಾತನ್ನು ಬ್ರೌಸರ್ ಬ್ಲಾಕರ್ ಮುಟ್ಟುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಡಿಎನ್‌ಎಸ್, ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ಸರ್ವರ್ ಎಲ್ಲಿದೆ ಎಂದು ಹೇಳುವ ಇಂಟರ್ನೆಟ್ಟಿನ ವಿಳಾಸ ಪುಸ್ತಕ. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ‘ಪ್ರೈವೇಟ್ ಡಿಎನ್‌ಎಸ್’ ಅಂತ ಇರುತ್ತದೆ. ಅಲ್ಲಿ ಆ್ಯಡ್‌ಗಾರ್ಡ್‌ನವರ ಬಿಟ್ಟಿ ಸರ್ವರ್ ವಿಳಾಸ ಹಾಕಿದರೆ ಜಾಹೀರಾತು ಸರ್ವರ್‌ಗಳಿಗೆ ಹೋಗುವ ದಾರಿಯೇ ಬಂದ್. ಇಡೀ ಮನೆಗೆ ಬೇಕಾದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಇದೇ ಕೆಲಸ ಮಾಡುವ ಪೈ-ಹೋಲ್ ಎಂಬ ತಂತ್ರಾಂಶ ಹಾಕಬಹುದು. ಇದಕ್ಕೆ ಸ್ವಲ್ಪ ಕಾಸು, ಸ್ವಲ್ಪ ಹುಚ್ಚು ಎರಡೂ ಬೇಕು.

ನೀತಿಯ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಒರಟು. ಈ ಸೈಟಿನ ಜಾಹೀರಾತು ಬರಲಿ, ಆ ಸೈಟಿನದು ಬೇಡ ಅನ್ನಲು ಆಗುವುದಿಲ್ಲ, ಕತ್ತರಿ ಎಲ್ಲರಿಗೂ ಒಂದೇ. ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ಡಿಎನ್‌ಎಸ್ ನಡೆಸುವವರಿಗೂ ಗೊತ್ತಾಗುತ್ತದೆ. ಕೆಲವೊಮ್ಮೆ ಶಾಪಿಂಗ್ ಕೊಂಡಿಗಳು ತೆರೆಯುವುದಿಲ್ಲ. ಯೂಟ್ಯೂಬ್ ಜಾಹೀರಾತು ಹೋಗುವುದೂ ಇಲ್ಲ, ಅದು ಬರುವುದು ವಿಡಿಯೊ ಬರುವ ದಾರಿಯಲ್ಲೇ.

ಆದರೂ ಎರಡು ಕಡೆ ನಾನು ಹಿಂದೆಮುಂದೆ ನೋಡದೆ ಇದನ್ನೇ ಹೇಳುತ್ತೇನೆ. ಮಕ್ಕಳು ಆಡುವ ಟ್ಯಾಬ್, ಹಿರಿಯರ ಫೋನ್. ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ತೋರಿಸಬಾರದು ಅಂತ 2023ರ ಡೇಟಾ ರಕ್ಷಣಾ ಕಾಯ್ದೆಯೇ ಹೇಳುತ್ತದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ, ಪೂರ್ತಿ ಜಾರಿಗೆ ಇನ್ನೂ ಸಮಯ ಕೊಟ್ಟಿದ್ದಾರೆ. ಅಲ್ಲಿಯ ತನಕ ಕಾಯ್ದೆಯ ಕೆಲಸವನ್ನು ಮನೆಯಲ್ಲಿ ನೀವೇ ಮಾಡಿಕೊಂಡರೆ ಯಾರಿಗೆ ಅನ್ಯಾಯ?

ಕಾಸು ಕೊಡುವುದು

ಎಲ್ಲರಿಗೂ ಒಪ್ಪಿಗೆಯಾಗುವ ಉತ್ತರ ಇದೇ ಅನ್ನಿಸುತ್ತದೆ. ಯೂಟ್ಯೂಬ್ ಪ್ರೀಮಿಯಂ 2024ರ ಆಗಸ್ಟ್‌ನಲ್ಲಿ ತಿಂಗಳಿಗೆ ₹149 ಆಯಿತು, ವಿದ್ಯಾರ್ಥಿಗಳಿಗೆ ₹89, ಇಡೀ ಕುಟುಂಬಕ್ಕೆ ₹299. ಒಂದೇ ಮನೆಯ ಆರು ಜನ ಹಂಚಿಕೊಂಡರೆ ತಲೆಗೆ ಐವತ್ತು ರೂಪಾಯಿ. ನೀವು ಯಾರ ವಿಡಿಯೊ ಎಷ್ಟು ಹೊತ್ತು ನೋಡಿದಿರಿ ಅನ್ನುವುದರ ಮೇಲೆ ಚಾನೆಲ್‌ನವರಿಗೆ ಪಾಲು ಹೋಗುತ್ತದೆ. ಟಿವಿಯಲ್ಲಿ ದಿನಾ ಯೂಟ್ಯೂಬ್ ನೋಡುವ ಮನೆಗೆ ಇದು ನ್ಯಾಯವಾದ ಬೆಲೆ.

ಆದರೆ ಕಾಸು ಕೊಟ್ಟರೆ ಜಾಹೀರಾತು ಹೋಗುತ್ತದೆಯೇ ಹೊರತು ನಿಮ್ಮ ಮೇಲಿನ ಕಣ್ಣು ಹೋಗುವುದಿಲ್ಲ. ವಿಡಿಯೊದವರೇ ಮಧ್ಯೆ ನಿಂತು ‘ಇವತ್ತಿನ ಸ್ಪಾನ್ಸರ್’ ಅನ್ನುವುದೂ ನಿಲ್ಲುವುದಿಲ್ಲ. ಇನ್ನೊಂದು ಕಾಟ: ಕಾಸು ಕೊಟ್ಟವರ ಮುಂದೆಯೂ ಜಾಹೀರಾತು ತಿರುಗಿ ಬರುತ್ತಿದೆ. ಅಮೆಜಾನ್ ಪ್ರೈಮ್ ವಿಡಿಯೊ 2025ರ ಜೂನ್‌ನಿಂದ ಭಾರತದ ಚಂದಾದಾರರಿಗೂ ಜಾಹೀರಾತು ಶುರು ಮಾಡಿತು, ಬೇಡ ಅಂದರೆ ವರ್ಷಕ್ಕೆ ಇನ್ನೂ ₹699 ಕೊಡಬೇಕು. ಇಂಥ ಕಡೆ ಬ್ಲಾಕರ್ ಹಾಕಿಕೊಂಡವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ.

ಚಿಕ್ಕವರಿಗೆ ನೇರವಾಗಿ ಕೊಡುವುದು ಬೇರೆಯದೇ ಲೆಕ್ಕ. ಯೂಟ್ಯೂಬ್‌ನ ಸೂಪರ್ ಥ್ಯಾಂಕ್ಸ್‌ನಲ್ಲಿ ಕೊಟ್ಟರೆ 70% ಅವರಿಗೆ. ವಿವರಣೆಯಲ್ಲಿ ಯುಪಿಐ ಐಡಿ ಹಾಕಿದ್ದರೆ ಪೂರ್ತಿ ಅವರಿಗೇ. ವರ್ಷಕ್ಕೊಮ್ಮೆ ನೂರು ರೂಪಾಯಿ ಹಾಕಿದರೂ, ನೀವು ವರ್ಷವಿಡೀ ಕೂತು ಅವರ ಪುಟದ ಜಾಹೀರಾತು ನೋಡಿದ್ದಕ್ಕಿಂತ ಜಾಸ್ತಿ ಸಿಗುವ ಸಂಭವವೇ ಹೆಚ್ಚು. ಕನ್ನಡ ವಿಕಿಪೀಡಿಯದಲ್ಲಿ ಜಾಹೀರಾತೇ ಇಲ್ಲ. ಅಲ್ಲಿ ಕಾಸಿನ ಬದಲು ಒಂದು ಲೇಖನ ತಿದ್ದಿದರೂ ನಡೆಯುತ್ತದೆ.

ಕಾಸೂ ಕೊಡದೆ, ಜಾಹೀರಾತೂ ನೋಡದೆ, ತಿರುಚಿದ ಯೂಟ್ಯೂಬ್ ಎಪಿಕೆ (ಪ್ಲೇ ಸ್ಟೋರಿನ ಹೊರಗಿನಿಂದ ಹಾಕುವ ಆ್ಯಪ್ ಫೈಲ್) ಹಾಕಿಕೊಳ್ಳುವವರೂ ಇದ್ದಾರೆ. ಹೆಸರುವಾಸಿಯಾಗಿದ್ದ ವ್ಯಾನ್ಸ್ಡ್ 2022ರಲ್ಲಿ ಬಾಗಿಲು ಮುಚ್ಚಿದ ಮೇಲೆ ಅದರ ಹೆಸರಿನಲ್ಲಿ ಕಂಡಕಂಡ ಕಡೆ ಎಪಿಕೆ ಸಿಗುತ್ತವೆ. ಯಾರು ಮಾಡಿದ್ದು ಅಂತ ಗೊತ್ತಿಲ್ಲದ ಆ್ಯಪ್‌ಗೆ ನಿಮ್ಮ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಡಿ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕೂ ಇದೆ.

ಯಾರಿಗೆ ಯಾವುದು?

ಡೇಟಾ ಪ್ಯಾಕ್ ಸಾಲದ ವಿದ್ಯಾರ್ಥಿಗೆ: ಫೋನಿನಲ್ಲಿ ಫೈರ್‌ಫಾಕ್ಸ್, ಅದರಲ್ಲಿ ಯುಬ್ಲಾಕ್ ಒರಿಜಿನ್. ನೋಟ್ಸ್‌ಗೆ ದಿನಾ ಹೋಗುವ ಎರಡು ಮೂರು ಸೈಟಿಗೆ ಬಾಗಿಲು ತೆರೆದಿಡಿ. ಕೆಲಸ ಸಿಕ್ಕ ಮೇಲೆ ಆ ಮೇಷ್ಟ್ರಿಗೆ ಯುಪಿಐ ಮಾಡಿದರೆ ಅವರಿಗೆ ಆಗುವ ಖುಷಿಯೇ ಬೇರೆ.

ತಿಂಗಳ ಸಂಬಳ ಬರುವವರಿಗೆ: ಜಾಸ್ತಿ ಬಳಸುವ ಒಂದೋ ಎರಡೋ ಕಡೆ ಚಂದಾ, ಉಳಿದ ಕಡೆ ಟ್ರ್ಯಾಕರ್ ತಡೆ. ಕಾಸು ಕೊಡುವ ಶಕ್ತಿ ಇದ್ದೂ ಎಲ್ಲ ಕಡೆ ಎಲ್ಲವನ್ನೂ ತಡೆದು, ಎಲ್ಲೂ ಏನೂ ಕೊಡದೆ ಇರುವುದು ನನಗೆ ಸರಿ ಕಾಣುವುದಿಲ್ಲ.

ಇದೆಲ್ಲ ನೋಡಿಕೊಳ್ಳಲು ಪುರುಸೊತ್ತಿಲ್ಲದವರಿಗೆ: ಆ್ಯಡ್‌ಬ್ಲಾಕ್ ಪ್ಲಸ್, ಹಾಕಿದ ಹಾಗೇ ಬಿಡಿ.

ಸ್ವಂತ ಚಾನೆಲ್ಲೋ ಸೈಟೋ ಇರುವವರಿಗೆ: ನಿಮ್ಮ ಪುಟವನ್ನು ಬ್ಲಾಕರ್ ಇಲ್ಲದ ಸಾದಾ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ನೆಂಟರಿಗೆ ತೋರಿಸಲು ಮುಜುಗರವಾದರೆ ಓದುಗರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಜಾಹೀರಾತು ಜಾಲವನ್ನು ಬದಲಿಸಿ.

ಇವತ್ತು ಒಂದೇ ಕೆಲಸಕ್ಕೆ ಸಮಯ ಇದ್ದರೆ ನಿಮ್ಮ ಫೋನ್ ಬಿಡಿ, ಮನೆಯ ಹಿರಿಯರ ಫೋನ್ ತಗೊಳ್ಳಿ. ಗ್ಯಾಸ್ ಬುಕಿಂಗ್‌ಗೋ ಬ್ಯಾಂಕಿಗೋ ಕಸ್ಟಮರ್ ಕೇರ್ ನಂಬರ್ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ಜಾಹೀರಾತಿನ ನಂಬರಿಗೇ ಅವರು ಫೋನ್ ಮಾಡುವುದು, ಒಟಿಪಿ ಹೇಳುವುದು. ಫೋನಿಗೆ ಪ್ರೈವೇಟ್ ಡಿಎನ್‌ಎಸ್ ಹಾಕಿ. ಹುಡುಕಾಟದ ಪುಟದ ಜಾಹೀರಾತಿಗೆ ಅದು ಸಾಲದು, ಆದ್ದರಿಂದ ಫೈರ್‌ಫಾಕ್ಸ್ ಹಾಕಿ ಅದರಲ್ಲಿ ಬ್ಲಾಕರ್ ಇಡಿ. ಆಮೇಲೆ ಬ್ಯಾಂಕ್, ಗ್ಯಾಸ್ ಏಜೆನ್ಸಿ, ಬೆಸ್ಕಾಂ ನಂಬರುಗಳನ್ನು ಪಾಸ್‌ಬುಕ್ ಮತ್ತು ಬಿಲ್ ನೋಡಿ ಕಾಂಟ್ಯಾಕ್ಟ್ಸ್‌ನಲ್ಲಿ ಸೇವ್ ಮಾಡಿಕೊಡಿ.